“ಮಷೀನ್ ಕೆಟ್ಟಿದೆ, ನಾಳೆ ಬನ್ನಿ”: ನಮ್ಮ ಜಿಲ್ಲೆಗಳಲ್ಲಿ ಬಯೋಮೆಡಿಕಲ್ ಕಲಿತ ಕೈಗಳು ಯಾಕೆ ಬೇಕು

ಮೂರು ವರ್ಷದ ಹಿಂದಿನ ಮಾತು. ನಸುಕಿನಲ್ಲಿ ನಮ್ಮ ತಂದೆಯವರಿಗೆ ಎದೆ ಹಿಡಿದುಕೊಂಡ ಹಾಗಾಯಿತು. ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಊರು ನಮ್ಮದು. ಹತ್ತಿರದ ಆಸ್ಪತ್ರೆಗೆ ಓಡಿದೆವು. ಡ್ಯೂಟಿ ಡಾಕ್ಟರ್ ಇದ್ದರು, ನರ್ಸ್ ಇದ್ದರು, ಇಸಿಜಿ ಮಷೀನೂ ಇತ್ತು. ನರ್ಸ್ ಕೈಕಾಲಿಗೆ ಕ್ಲಿಪ್ ಹಾಕಿ, ಎದೆಗೆ ರಬ್ಬರ್ ಬುರುಡೆ ಅಂಟಿಸಿ, ಬಟನ್ ಒತ್ತಿದರು. ಕಾಗದದ ಮೇಲೆ ಎದೆಬಡಿತದ ಗೆರೆ ಮೂಡಬೇಕಾದ ಜಾಗದಲ್ಲಿ ದಪ್ಪನೆಯ ಕಪ್ಪು ಪಟ್ಟಿಯೊಂದು ಬಂತು. ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ ಪಟ್ಟಿ.

“ಮಷೀನ್ ಕೆಟ್ಟದರಿ ಸರ. ಕಂಪನಿಯಾವ್ರಿಗೆ ಹೇಳೇವಿ. ಹುಬ್ಬಳ್ಳಿಯಿಂದ ಬರಬೇಕ್ರಿ.”

ಅಲ್ಲಿಂದ ಮುಂದಿನ ಊರಿಗೆ ನಲವತ್ತು ನಿಮಿಷದ ದಾರಿ. ಆ ನಲವತ್ತು ನಿಮಿಷ ನನಗೆ ಇವತ್ತಿಗೂ ನೆನಪಿದೆ. ದೇವರ ದಯೆ, ತಂದೆಯವರಿಗೆ ಆಗಿದ್ದು ಬರೀ ಗ್ಯಾಸ್ಟ್ರಿಕ್. ಮಧ್ಯಾಹ್ನಕ್ಕೆ ಮನೆಗೆ ಬಂದು ರೊಟ್ಟಿ ತಿಂದರು.

ನಾನು ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವವನು. ಆ ಕಪ್ಪು ಪಟ್ಟಿಯ ಕಾಗದ ನನ್ನ ಜೇಬಿನಲ್ಲೇ ಉಳಿದಿತ್ತು. ರಾತ್ರಿ ಭೂತಗನ್ನಡಿ ಹಿಡಿದು ನೋಡಿದೆ. ಪಟ್ಟಿ ಅಂದುಕೊಂಡಿದ್ದು ಪಟ್ಟಿಯೇ ಅಲ್ಲ, ಗರಗಸದ ಹಲ್ಲಿನಂಥ ಸಣ್ಣ ಸಣ್ಣ ಏರಿಳಿತ. ಒಂದು ಮಿಲಿಮೀಟರಿಗೆ ಎರಡು ಹಲ್ಲು. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಅಂದರೆ ಸೆಕೆಂಡಿಗೆ 50 ಹಲ್ಲು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಮಷೀನ್ ತಂದೆಯವರ ಹೃದಯದ ಬದಲು ಗೋಡೆಯ ಕರೆಂಟನ್ನು ಬರೆದುಕೊಟ್ಟಿತ್ತು.

ಇಸಿಜಿಯಲ್ಲಿ ಬಲಗಾಲಿಗೆ ಹಾಕುವ ಕಪ್ಪು ವಾಯರ್ ಒಂದಿರುತ್ತದೆ. ಅದು ಹೃದಯದ ಸಿಗ್ನಲ್ ಓದುವುದಿಲ್ಲ. ಸುತ್ತಲಿನ ಕರೆಂಟಿನ ಗದ್ದಲವನ್ನು ತಗ್ಗಿಸುವುದೇ ಅದರ ಕೆಲಸ. ಅದು ಕಡಿದರೆ ಇಂಥ ಹಲ್ಲು ಮೂಡುತ್ತದೆ. ಮರುವಾರ ಆ ಆಸ್ಪತ್ರೆಗೆ ಹೋಗಿ, ಡಾಕ್ಟರ ಅನುಮತಿ ಕೇಳಿ, ಮಲ್ಟಿಮೀಟರ್ ಹಚ್ಚಿ ನೋಡಿದೆ. ಕಪ್ಪು ವಾಯರನ್ನು ಕ್ಲಿಪ್ಪಿನ ಬುಡದಲ್ಲಿ ಬಗ್ಗಿಸಿದರೆ ಬೀಪ್ ನಿಲ್ಲುತ್ತದೆ, ಸೆಟೆದರೆ ಬೀಪ್ ಬರುತ್ತದೆ. ಒಳಗಿನ ತಾಮ್ರ ಕಡಿದಿತ್ತು, ಹೊರಗಿನ ರಬ್ಬರ್ ನೆಟ್ಟಗಿತ್ತು. ಕೇಬಲ್ ಬದಲಿಸಿದರು, ಮಷೀನ್ ಸರಿಹೋಯಿತು. ಆವತ್ತು ತಂದೆ ಹಾಸಿಗೆ ಮೇಲೆ ಮಲಗಿದ್ದಾಗ ನನಗೂ ಇದು ಹೊಳೆದಿರಲಿಲ್ಲ. ಅಂಥ ಹೊತ್ತಿನಲ್ಲಿ ಹೊಳೆಯಬೇಕೆಂದರೆ ದಿನವೂ ಅದೇ ಕೆಲಸ ಮಾಡುವವರು ಬೇಕು.

ಆಸ್ಪತ್ರೆಯ ಮಷೀನುಗಳನ್ನು ನೋಡಿಕೊಳ್ಳುವ ಇಂಥವರನ್ನೇ ಬಯೋಮೆಡಿಕಲ್ ತಂತ್ರಜ್ಞರು ಎನ್ನುತ್ತಾರೆ. ಈ ಲೇಖನ ಬರೆಯುತ್ತಿರುವುದು ಅವರಿಗಾಗಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಷೀನಿನ ಪಕ್ಕದಲ್ಲಿ ನಿಲ್ಲಬೇಕಾದ, ಆದರೆ ಇನ್ನೂ ತಯಾರಾಗದ ಹುಡುಗ ಹುಡುಗಿಯರಿಗಾಗಿ. ಅವರನ್ನು ತಯಾರು ಮಾಡಲು ನಾಲ್ಕು ವರ್ಷದ ಎಂಜಿನಿಯರಿಂಗ್ ಬೇಕಿಲ್ಲ. ಊರಿನ ಹತ್ತಿರದ ಸಮುದಾಯ ಕಾಲೇಜಿನಲ್ಲಿ ಒಂದೆರಡು ವರ್ಷದ ಗಟ್ಟಿ ಕೋರ್ಸ್ ಸಾಕು. ಇದು ನನ್ನ ನಂಬಿಕೆ ಮಾತ್ರ ಅಲ್ಲ, ಇದಕ್ಕೆ ಲೆಕ್ಕವೂ ಇದೆ.

107 ಕೌಶಲಗಳ ಲೆಕ್ಕ

ಮೊದಲು ನಮ್ಮ ದೇಶದ ಲೆಕ್ಕ ನೋಡೋಣ. ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವ ಮಷೀನ್ ಎಲ್ಲಿದೆ, ನಡೆಯುತ್ತಿದೆಯೋ ಇಲ್ಲವೋ ಎಂದು ರಾಷ್ಟ್ರೀಯ ಆರೋಗ್ಯ ಅಭಿಯಾನದವರು ಎಣಿಕೆ ಮಾಡಿಸಿದರು. 29,115 ಆರೋಗ್ಯ ಕೇಂದ್ರಗಳಲ್ಲಿ 7,56,750 ಉಪಕರಣಗಳು ಸಿಕ್ಕವು. ಅವುಗಳ ಬೆಲೆ ಸುಮಾರು 4,564 ಕೋಟಿ ರೂಪಾಯಿ. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದ್ದರೂ ಶೇ 13ರಿಂದ 34ರಷ್ಟು ಉಪಕರಣಗಳು ಕೆಟ್ಟು ಕೂತಿದ್ದವು. ಮೂರರಲ್ಲಿ ಒಂದು ಮಷೀನ್ ನಡೆಯದ ರಾಜ್ಯವೂ ಇತ್ತು ಅಂದ ಹಾಗಾಯಿತು. ಇದನ್ನು ಸರಿಪಡಿಸಲು 2015ರಲ್ಲಿ ಉಪಕರಣ ನಿರ್ವಹಣೆಗೇ ಒಂದು ಕಾರ್ಯಕ್ರಮ ಶುರುವಾಯಿತು. ನಿರ್ವಹಣೆಯನ್ನು ಹೊರಗಿನ ಏಜೆನ್ಸಿಗೆ ಒಟ್ಟಾಗಿ ಗುತ್ತಿಗೆ ಕೊಡುವ ದಾರಿ ಅದು. ಒಳ್ಳೆಯದೇ. ಆದರೆ ಏಜೆನ್ಸಿಗೂ ಕೈಗಳು ಬೇಕಲ್ವಾ? ಗುತ್ತಿಗೆ ಬೆಂಗಳೂರಿನಲ್ಲಿ ಸಹಿ ಆದರೂ ಸ್ಕ್ರೂ ಬಿಚ್ಚುವವರು ಹುನಗುಂದದಲ್ಲೋ ಸಿಂದಗಿಯಲ್ಲೋ ಇರಬೇಕು.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಮುಖ್ಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಮಾಲ್ಕಿನ್ ಮತ್ತು ಆಲಿಸನ್ ಕೀನ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 11 ದೇಶಗಳ 60 ಬಡ ಆಸ್ಪತ್ರೆಗಳಿಂದ ಬಂದ 2,849 ರಿಪೇರಿ ಕೋರಿಕೆಗಳನ್ನು ಅವರು ಪರಿಶೀಲಿಸಿದ್ದರು. ಅವುಗಳಲ್ಲಿ 2,529 ವೈದ್ಯಕೀಯ ಉಪಕರಣಗಳು ಪೂರ್ತಿ ನಿಂತುಹೋಗಿದ್ದವು. ಆ ಊರಲ್ಲಿ ಸಿಗುವ ಸಾಮಾನು ಮಾತ್ರ ಬಳಸಿ, ಹೊರದೇಶದ ಬಿಡಿಭಾಗ ತರಿಸದೆ, 1,821 ಉಪಕರಣಗಳನ್ನು ಮತ್ತೆ ನಡೆಸಿದರು. ಶೇ 72!

ಏನೇನು ಗೊತ್ತಿದ್ದರೆ ಆ ರಿಪೇರಿ ಸಾಧ್ಯವಾಯಿತು ಎಂದೂ ಅವರು ಬರೆದಿಟ್ಟರು. ವೈರಿಂಗಿನಂಥ ಎಲೆಕ್ಟ್ರಿಕಲ್ ಕೆಲಸ ಶೇ 18, ಮೆಕ್ಯಾನಿಕಲ್ ಶೇ 18, ಪವರ್ ಸಪ್ಲೈ ಶೇ 14, ಮೋಟಾರು ಶೇ 5. ಪ್ಲಂಬಿಂಗ್ ಶೇ 19. ಆಸ್ಪತ್ರೆಯಲ್ಲಿ ಪ್ಲಂಬಿಂಗ್ ಅಂದರೆ ನಲ್ಲಿ ಮಾತ್ರ ಅಂದುಕೊಳ್ಳಬೇಡಿ. ಆಕ್ಸಿಜನ್ ಲೈನು, ಕಫ ಎಳೆಯುವ ಸಕ್ಷನ್ ಮಷೀನು, ಕತ್ತರಿ ಚಿಮಟಗಳನ್ನು ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವು, ಬಿಪಿ ಪಟ್ಟಿಯ ಗಾಳಿ ಎಲ್ಲವೂ ಇದರಲ್ಲೇ ಬರುತ್ತವೆ. ಎಲ್ಲಕ್ಕಿಂತ ದೊಡ್ಡ ಪಾಲು, ಶೇ 25, ಮಷೀನನ್ನು ಸರಿಯಾಗಿ ಕೂರಿಸುವುದು ಮತ್ತು ಬಳಸುವವರಿಗೆ ಸರಿಯಾಗಿ ತೋರಿಸಿಕೊಡುವುದು.

ಕೊನೆಗೆ ಅವರು ಇನ್ನೊಂದು ಸಂಖ್ಯೆ ಕೊಟ್ಟರು. ನಿಂತುಹೋದ ಉಪಕರಣಗಳಲ್ಲಿ ಶೇ 66ರಷ್ಟನ್ನು ಕೇವಲ 107 ಮೂಲ ಕೌಶಲಗಳಿಂದ ಎಬ್ಬಿಸಬಹುದಿತ್ತು. ಫ್ಯೂಸ್ ನೋಡುವುದು, ಬೆಸುಗೆ ಹಾಕುವುದು, ಬೆಲ್ಟ್ ಬದಲಿಸುವುದು, ಬ್ಯಾಟರಿ ಅಳೆಯುವುದು ಇಂಥವು. ಪೂರ್ಣ ತರಬೇತಿ ಪಡೆದ ಬಯೋಮೆಡಿಕಲ್ ಎಂಜಿನಿಯರಿಗೆ ಬೇಕಾದ ಜ್ಞಾನಕ್ಕಿಂತ ಇದು ಎಷ್ಟೋ ಕಡಿಮೆ.

ನಾನು ಇದನ್ನು ಓದಿದಾಗ ನೆನಪಾಗಿದ್ದು ರಬಕವಿ-ಬನಹಟ್ಟಿಯ ಪವರ್‌ಲೂಮ್ ಫಿಟ್ಟರುಗಳು. ಮಗ್ಗದ ಸದ್ದು ಕೇಳಿಯೇ ಎಲ್ಲಿ ಸಡಿಲಾಗಿದೆ ಎಂದು ಹೇಳುವ ಮಂದಿ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಲೇಥ್ ಶಾಪುಗಳಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಹುಡುಗರು. ಮುಧೋಳ, ಜಮಖಂಡಿಯ ಸಕ್ಕರೆ ಕಾರ್ಖಾನೆಗಳಲ್ಲಿ ಪ್ರೆಶರ್ ಗೇಜು, ಸ್ಟೀಮ್ ವಾಲ್ವು ನೋಡಿಕೊಳ್ಳುವವರು. 107 ಕೌಶಲಗಳಲ್ಲಿ ಅರ್ಧಕ್ಕರ್ಧ ನಮ್ಮ ಊರುಗಳಲ್ಲಿ ಈಗಾಗಲೇ ಇವೆ ಎಂದು ನನಗನಿಸುತ್ತದೆ. ಆಟೋಕ್ಲೇವ್ ಒಂದು ಸಣ್ಣ ಬಾಯ್ಲರೇ ತಾನೇ? ಉಳಿದರ್ಧವನ್ನು ಕಲಿಸಬೇಕು. ಎದುರಿಗೆ ರೋಗಿ ಇದ್ದಾನೆ ಎನ್ನುವ ಎಚ್ಚರವನ್ನೂ ಕಲಿಸಬೇಕು.

ಸಮುದಾಯ ಕಾಲೇಜು ಅಂದರೇನು

ಈ ಹೆಸರು ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿಲ್ಲ. ಇದರ ಬೇರು ಅಮೆರಿಕದಲ್ಲಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದ ಕಾಲೇಜನ್ನು ಮೊದಲನೆಯದು ಎನ್ನುತ್ತಾರೆ. ಊರಿನವರಿಗೆ ಊರಲ್ಲೇ, ಕಡಿಮೆ ಫೀಸಿನಲ್ಲಿ, ಎರಡು ವರ್ಷದ ಓದು. ವಯಸ್ಸಿನ ಕಟ್ಟುಪಾಡು ಇಲ್ಲ. ಹಗಲು ದುಡಿದು ಸಂಜೆ ಓದಬಹುದು. ಅಲ್ಲಿ ಬಯೋಮೆಡಿಕಲ್ ಎಕ್ವಿಪ್‌ಮೆಂಟ್ ಟೆಕ್ನಾಲಜಿಯ ಎರಡು ವರ್ಷದ ಅಸೋಸಿಯೇಟ್ ಪದವಿ ಎಷ್ಟೋ ಸಮುದಾಯ ಕಾಲೇಜುಗಳಲ್ಲಿದೆ. ಮುಗಿಸಿದವರು ಆಸ್ಪತ್ರೆಗೆ ಸೇರುತ್ತಾರೆ. ಅನುಭವ ಆದ ಮೇಲೆ ಸಿಬಿಇಟಿ ಎನ್ನುವ ಪ್ರಮಾಣಪತ್ರದ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಎಲೆಕ್ಟ್ರಾನಿಕ್ಸ್ ಜೊತೆಗೆ ದೇಹರಚನೆ, ಸುರಕ್ಷತೆ, ದೋಷ ಹುಡುಕುವ ಬಗೆ ಎಲ್ಲವನ್ನೂ ಕೇಳುತ್ತಾರೆ.

ನಮ್ಮ ದೇಶಕ್ಕೆ ಈ ಕಲ್ಪನೆ ಬಂದಿದ್ದು 1990ರ ದಶಕದಲ್ಲಿ, ಪುದುಚೇರಿ ಮತ್ತು ಚೆನ್ನೈ ಮೂಲಕ. ಆಮೇಲೆ 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯುಜಿಸಿ ಇದಕ್ಕೊಂದು ಯೋಜನೆ ಮಾಡಿತು. ಇರುವ ಕಾಲೇಜಿನ ಕಟ್ಟಡದಲ್ಲೇ ಕೌಶಲದ ಡಿಪ್ಲೊಮಾ ನಡೆಸಬಹುದು. ಇದೇ ಸಾಲಿನಲ್ಲಿ ಬಿ.ವೋಕ್ ಎನ್ನುವ ಕೌಶಲದ ಪದವಿಯೂ ಬಂತು. ಆಗಿನ ನಿಯಮದಲ್ಲಿ ವರ್ಷಕ್ಕೆ 60 ಕ್ರೆಡಿಟ್, 36 ಕೌಶಲಕ್ಕೆ, 24 ಸಾಮಾನ್ಯ ಪಾಠಕ್ಕೆ. ಅಂದರೆ ನೂರಕ್ಕೆ ಅರವತ್ತು ಪಾಲು ಕೈಯಿಂದ ಕಲಿಯಬೇಕಿತ್ತು. ಐಟಿಐ ಪಟ್ಟಿಯಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ ಎನ್ನುವ ಟ್ರೇಡ್ ಕೂಡ ಇದೆ. ಹೀಗೆ ದಾರಿಗಳು ಕಾಗದದಲ್ಲಿ ಇವೆ. ನಡೆದವರು ಕಡಿಮೆ.

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಿ ಪ್ರತಿ ಮೇ ತಿಂಗಳು ನನ್ನನ್ನು ಕೇಳುತ್ತಾರೆ. ಬಯೋಮೆಡಿಕಲ್ ಅಂದ ಕೂಡಲೇ ಕೆಲವರಿಗೆ ನೆನಪಾಗುವುದು ಆಸ್ಪತ್ರೆ ಕಸದ ಹಳದಿ, ಕೆಂಪು ಚೀಲ. “ನಮ್ಮ ಹುಡುಗಿ ಕಸ ಆರಿಸಬೇಕೇನ್ರಿ?” ಎಂದು ಒಬ್ಬ ತಾಯಿ ಕೇಳಿದ್ದರು. ಆ ಚೀಲಗಳು ಬೇರೆ, ಇದು ಬೇರೆ. ಇನ್ನು ಕೆಲವರು ಇದನ್ನು ಪ್ಯಾರಾಮೆಡಿಕಲ್ ಅಂದುಕೊಳ್ಳುತ್ತಾರೆ. ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಟೆಕ್ನಿಷಿಯನ್, ಡಯಾಲಿಸಿಸ್ ಟೆಕ್ನಿಷಿಯನ್ ಇವರೆಲ್ಲ ಮಷೀನ್ ಬಳಸಿ ರೋಗಿಯನ್ನು ನೋಡಿಕೊಳ್ಳುವವರು. ಆ ಓದಿಗೆ ಪ್ಯಾರಾಮೆಡಿಕಲ್ ಡಿಪ್ಲೊಮಾ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿ ಇದೆ. ಬಯೋಮೆಡಿಕಲ್ ತಂತ್ರಜ್ಞರು ಆ ಮಷೀನನ್ನೇ ನೋಡಿಕೊಳ್ಳುವವರು. ಬಸ್ಸಿಗೆ ಡ್ರೈವರೂ ಬೇಕು, ಡಿಪೋದಲ್ಲಿ ಮೆಕ್ಯಾನಿಕ್ಕೂ ಬೇಕು. ಹಾಗೆ.

ನೀರು, ಬಿಸಿಲು, ಕರೆಂಟು

ಬೆಂಗಳೂರಿನಲ್ಲಿ ಕಲಿತು ಬಂದವರಿಗಿಂತ ಇಲ್ಲೇ ಕಲಿತವರು ಯಾಕೆ ಬೇಕು? ಮಷೀನುಗಳು ಊರಿನ ಗಾಳಿ, ನೀರು, ಕರೆಂಟು ನೋಡಿ ಕೆಡುತ್ತವೆ. ಇದನ್ನು ಒಂದು ಉದಾಹರಣೆಯಲ್ಲೇ ಪೂರ್ತಿ ಹೇಳುತ್ತೇನೆ.

ಡಯಾಲಿಸಿಸ್ ತಗೊಳ್ಳಿ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು. ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಮಷೀನುಗಳಿವೆ. ಬಡವರಿಗೆ ಇದು ದೊಡ್ಡ ಆಸರೆ. ಒಬ್ಬ ರೋಗಿ ವಾರಕ್ಕೆ ಎರಡು ಮೂರು ಸಲ ಬಂದು ನಾಲ್ಕು ಗಂಟೆ ಮಲಗುತ್ತಾರೆ. ಮಷೀನಿನಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 500 ಮಿಲಿಲೀಟರ್ ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ರೋಗಿಯ ರಕ್ತಕ್ಕೂ ಈ ದ್ರವಕ್ಕೂ ನಡುವೆ ಇರುವುದು ಬರೀ ಒಂದು ತೆಳು ಪೊರೆ. ಆ ದ್ರವದ ಬಹುಪಾಲು ನೀರು. ಆ ನೀರು ಶುದ್ಧವಿಲ್ಲದಿದ್ದರೆ ಅದರ ಕೊಳೆ ನೇರ ರಕ್ತಕ್ಕೆ. ನಾವು ಕುಡಿಯುವ ನೀರಾದರೆ ಹೊಟ್ಟೆ, ಕರುಳು ಸ್ವಲ್ಪ ತಡೆದುಕೊಳ್ಳುತ್ತವೆ. ಇಲ್ಲಿ ಆ ತಡೆ ಇಲ್ಲ.

ನಮ್ಮ ಕಡೆ ಬೋರ್‌ವೆಲ್ ನೀರು ಕಾಸಿದ ಪಾತ್ರೆಯ ತಳ ನೋಡಿದ್ದೀರಲ್ವಾ? ಬೆಳ್ಳಗೆ ಸುಣ್ಣದಂಥ ಹೆಕ್ಕಳ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೂ ಬರುವುದಿಲ್ಲ. ಅದೇ ನೀರು ಆಸ್ಪತ್ರೆಯ ಆರ್‌ಓ ಘಟಕಕ್ಕೆ ಹೋಗುತ್ತದೆ. ಅಲ್ಲಿ ಮೊದಲು ಮರಳಿನ ಟ್ಯಾಂಕು. ಆಮೇಲೆ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್. ಅದಕ್ಕೆ ಆಗಾಗ ಉಪ್ಪು ಹಾಕಿ ತೊಳೆಯಬೇಕು. ಆಮೇಲೆ ಕ್ಲೋರಿನ್ ಹೀರುವ ಇದ್ದಿಲಿನ ಟ್ಯಾಂಕು. ಕೊನೆಗೆ ಆರ್‌ಓ ಪೊರೆ. ಉಪ್ಪು ಹಾಕುವುದು ಎರಡು ವಾರ ಮರೆತರೆ ಪೊರೆಯ ಮೇಲೆ ಹೆಕ್ಕಳ ಕಟ್ಟಲು ಶುರು. ಇದ್ದಿಲು ಸವೆದಿದ್ದು ಗೊತ್ತಾಗದಿದ್ದರೆ ಅದಕ್ಕಿಂತ ಅಪಾಯ. ನಗರಸಭೆಯ ನೀರಿನಲ್ಲಿರುವ ಕ್ಲೋರಿನ್, ಕ್ಲೋರಮೈನ್ ದಾಟಿ ಬಂದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಇದಕ್ಕೆ ಪರೀಕ್ಷೆ ಬಹಳ ಸುಲಭ. ಒಂದು ಸಣ್ಣ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡುವುದು. ಆದರೆ ಅದನ್ನು ದಿನವೂ ಮೊದಲ ರೋಗಿ ಮಲಗುವ ಮುಂಚೆ ಮಾಡಬೇಕು, ಬರೆದಿಡಬೇಕು.

ಇದರಲ್ಲಿ ಯಾವುದೂ ರಾಕೆಟ್ ವಿಜ್ಞಾನವಲ್ಲ. ಆದರೆ ಯಾರಿಗೋ ಇದು ತಮ್ಮ ಕೆಲಸ ಅನಿಸಬೇಕು. ಡಯಾಲಿಸಿಸ್ ಟೆಕ್ನಿಷಿಯನ್‌ಗೆ ರೋಗಿಗಳನ್ನು ನೋಡಿಕೊಂಡು ಪುರಸೊತ್ತಿಲ್ಲ. ಡಾಕ್ಟರಿಗೆ ಇನ್ನೂ ಇಲ್ಲ. ಆರ್‌ಓ ಕಂಪನಿಯವರು ಬರುವುದು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ.

ಬಿಸಿಲು, ಧೂಳು ಇನ್ನೊಂದು. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮಷೀನುಗಳ ಫ್ಯಾನ್ ಫಿಲ್ಟರು ಧೂಳು ಕಟ್ಟಿದರೆ ಒಳಗಿನ ಬಿಸಿ ಹೊರಬರುವುದಿಲ್ಲ. ಕೋವಿಡ್ ಕಾಲದಲ್ಲಿ ದೇಶದಾದ್ಯಂತ ಪಿಎಂ ಕೇರ್ಸ್ ಹಣದಲ್ಲಿ 1,200ಕ್ಕೂ ಜಾಸ್ತಿ ಆಕ್ಸಿಜನ್ ಘಟಕಗಳನ್ನು ಮಂಜೂರು ಮಾಡಿದರು. ಗಾಳಿಯಿಂದ ನೈಟ್ರೋಜನ್ ಹೀರಿ ಆಕ್ಸಿಜನ್ ಉಳಿಸುವ ಜಿಯೋಲೈಟ್ ಹರಳುಗಳು ಅದರ ಜೀವ. ಆ ಹರಳಿಗೆ ತೇವ, ಎಣ್ಣೆ ತಾಗಿದರೆ ಕೆಲಸ ಕೆಟ್ಟಿತು. ಆಕ್ಸಿಜನ್ ಶೇ 93ರ ಆಸುಪಾಸು ಬರುತ್ತಿದೆಯಾ ಎಂದು ಅಳೆದು ನೋಡುತ್ತಲೇ ಇರಬೇಕು. ಘಟಕ ಉದ್ಘಾಟನೆಯಾದ ದಿನ ಎಲ್ಲರೂ ಇರುತ್ತಾರೆ. ಫಿಲ್ಟರ್ ಬದಲಿಸುವ ದಿನಕ್ಕೆ ಯಾರಾದರೂ ಬೇಕು.

ಕಣ್ಣಿಗೆ ಕಾಣದ ಕರೆಂಟು

ಅರ್ಥಿಂಗ್, ಅಂದರೆ ಸೋರುವ ಕರೆಂಟನ್ನು ಭೂಮಿಗೆ ಇಳಿಸುವ ವಿಷಯ ಮಾತ್ರ ನಾನು ಸ್ವಲ್ಪ ನಿಂತು ಹೇಳಬೇಕು. ತರಗತಿಯಲ್ಲಿ ಹುಡುಗರು ಇದನ್ನು ಬೇಸರದ ಪಾಠ ಅಂದುಕೊಳ್ಳುತ್ತಾರೆ.

ಮನೆಯಲ್ಲಿ ಶಾಕ್ ತಪ್ಪಿಸಲು ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಗೆ ಟ್ರಿಪ್ ಆಗುತ್ತದೆ. ಹೃದಯಕ್ಕೆ ನೇರ ತಾಗುವ ಉಪಕರಣದಿಂದ ರೋಗಿಯ ಮೈಗೆ ಸೋರಬಹುದಾದ ಕರೆಂಟಿನ ಮಿತಿ, ಎಲ್ಲ ಸರಿಯಿದ್ದಾಗ, 10 ಮೈಕ್ರೋಆಂಪ್. ಮನೆಯ ಲೆಕ್ಕದ ಮೂರು ಸಾವಿರದಲ್ಲಿ ಒಂದು ಪಾಲು! ಅಂತರರಾಷ್ಟ್ರೀಯ ಐಇಸಿ 60601 ಮಾನದಂಡ ಹೇಳುವುದು ಇದನ್ನೇ. ಚರ್ಮದ ತಡೆ ಇಲ್ಲದ ಕಡೆ ಅಷ್ಟು ಸಣ್ಣ ಕರೆಂಟೂ ಲೆಕ್ಕಕ್ಕೆ ಬರುತ್ತದೆ. ಮುಟ್ಟಿದರೆ ಕೈಗೆ ಗೊತ್ತೇ ಆಗುವುದಿಲ್ಲ. ಅಳೆಯುವ ಮೀಟರಿಗೆ ಮಾತ್ರ ಗೊತ್ತಾಗುತ್ತದೆ.

ಅಮೆರಿಕದಲ್ಲಿ ಈ ಕೆಲಸಕ್ಕೆ ಬೆಲೆ ಬಂದಿದ್ದರ ಹಿಂದೆಯೂ ಇದೇ ಭಯವಿತ್ತು. 1971ರಲ್ಲಿ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್, ಆಸ್ಪತ್ರೆಗಳಲ್ಲಿ ವರ್ಷಕ್ಕೆ 1,200 ಜನ ವಿದ್ಯುತ್ ಸೋರಿಕೆಯಿಂದ ಸಾಯುತ್ತಿದ್ದಾರೆ ಎಂದು ಪತ್ರಿಕೆಯೊಂದರಲ್ಲಿ ಬರೆದರು. ಆ ಸಂಖ್ಯೆಗೆ ಸರಿಯಾದ ಪುರಾವೆ ಸಿಗಲಿಲ್ಲ. ಆದರೆ ಆಸ್ಪತ್ರೆಗಳು ಎಚ್ಚೆತ್ತವು. ಪ್ರತಿ ಮಷೀನನ್ನೂ ಪರೀಕ್ಷೆ ಮಾಡಿ ಚೀಟಿ ಅಂಟಿಸುವ ಪದ್ಧತಿ ಗಟ್ಟಿಯಾಯಿತು. ಅದನ್ನು ಮಾಡುವವರು ಬೇಕಾದರು.

ನಮ್ಮ ಕಡೆ ಎಷ್ಟು ಆಸ್ಪತ್ರೆಗಳ ಪ್ಲಗ್ ಪಾಯಿಂಟಿನಲ್ಲಿ ಅರ್ಥ್ ತೂತು ನಿಜವಾಗಿ ಭೂಮಿಗೆ ಸೇರಿದೆ? ನಾನು ಆಸ್ಪತ್ರೆಗೆ ಹೋದಾಗಲೆಲ್ಲ ಮೊದಲು ಕಣ್ಣು ಹೋಗುವುದು ಅಲ್ಲಿಗೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಸಿಕ್ಕಿಸಿದ್ದು ಕಂಡರೆ ಹೊಟ್ಟೆ ಚುರ್ ಅನ್ನುತ್ತದೆ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಬೆಂಕಿ ಬಿದ್ದು ಹತ್ತು ಕೂಸುಗಳು ಹೋದವು. 2024ರ ನವೆಂಬರ್ 15ರ ರಾತ್ರಿ ಝಾನ್ಸಿಯಲ್ಲಿ ಅಂಥದೇ ಘಟಕದಲ್ಲಿ ಬೆಂಕಿ, ಆ ರಾತ್ರಿಯೇ ಹತ್ತು ಕೂಸುಗಳು. ಒಬ್ಬ ತಂತ್ರಜ್ಞ ಇದ್ದಿದ್ದರೆ ಅವು ತಪ್ಪುತ್ತಿದ್ದವು ಎಂದು ನಾನು ಹೇಳುವುದಿಲ್ಲ. ಆದರೆ ಮಕ್ಕಳ ಘಟಕದಲ್ಲಿ ವಾರ್ಮರ್, ಮಾನಿಟರ್, ಆಕ್ಸಿಜನ್ ಎಲ್ಲ ಒಂದೇ ಕೋಣೆಯಲ್ಲಿ ಹಗಲೂ ರಾತ್ರಿ ನಡೆಯುತ್ತವೆ. ಬಿಸಿಯಾದ ಪ್ಲಗ್ಗನ್ನು ಕೈಯಿಂದ ಮುಟ್ಟಿ ನೋಡುವುದು ಯಾರದೋ ದಿನದ ಕೆಲಸ ಆಗಬೇಕು ಎಂದು ಮಾತ್ರ ಹೇಳುತ್ತೇನೆ.

ಎಲ್ಲಿ ತೊಡಕು

ಇಷ್ಟೆಲ್ಲ ಇದ್ದ ಮೇಲೆ ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಆಗಬೇಕಿತ್ತಲ್ಲ? ಬೆಳಗಾವಿಯಲ್ಲಿ ಬಿಮ್ಸ್, ಜೆಎನ್ಎಂಸಿ ಎಂಬ ಮೆಡಿಕಲ್ ಕಾಲೇಜುಗಳಿವೆ, ವಿಟಿಯು ಎಂಬ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಬಾಗಲಕೋಟೆ ನವನಗರದಲ್ಲಿ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ವಿಜಯಪುರದಲ್ಲಿ ಬಿ.ಎಂ. ಪಾಟೀಲ ಮತ್ತು ಅಲ್ ಅಮೀನ್ ಮೆಡಿಕಲ್ ಕಾಲೇಜು. ಕಲಿಯಲು ಮಷೀನುಗಳಿಗೆ ಬರವಿಲ್ಲ.

ಮೊದಲ ತೊಡಕು ಆಸ್ಪತ್ರೆಯ ಬಾಗಿಲು. ಕಾಲೇಜಿನ ಲ್ಯಾಬಿನಲ್ಲಿ ಒಂದು ಹಳೆ ಇಸಿಜಿ, ಒಂದು ಬಿಪಿ ಮಷೀನ್ ಇಟ್ಟುಕೊಂಡು ಕೋರ್ಸ್ ನಡೆಸಿದರೆ ಅದು ಬರೀ ಸರ್ಟಿಫಿಕೇಟು. ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ಅಲಾರಂ ಹೊಡೆದಾಗ ಮಷೀನ್ ಕೆಟ್ಟಿದೆಯೋ ರೋಗಿಗೆ ತೊಂದರೆಯೋ ಎಂದು ಗುರುತಿಸುವುದನ್ನು ಪುಸ್ತಕ ಕಲಿಸುವುದಿಲ್ಲ. ಆಸ್ಪತ್ರೆಯವರು ಹುಡುಗರನ್ನು ಒಳಗೆ ಬಿಡಲು ಹೆದರುತ್ತಾರೆ. ಅದು ತಪ್ಪಲ್ಲ. ಆದರೆ ನರ್ಸಿಂಗ್ ವಿದ್ಯಾರ್ಥಿಗಳನ್ನು ಬಿಡುತ್ತಾರಲ್ಲ? ಹಾಗೇ ಇವರಿಗೂ ಒಂದು ಪದ್ಧತಿ ಮಾಡಬಹುದು.

ಎರಡನೆಯದು ಕಂಪನಿಯವರ ಬೀಗ. ದೊಡ್ಡ ಮಷೀನುಗಳಿಗೆ ವರ್ಷದ ನಿರ್ವಹಣಾ ಒಪ್ಪಂದ ಇರುತ್ತದೆ, ಎಎಂಸಿ ಅಥವಾ ಸಿಎಂಸಿ. ಸರ್ವೀಸ್ ಮ್ಯಾನುಯಲ್ ಕೊಡುವುದಿಲ್ಲ, ಸರ್ವೀಸ್ ಮೆನುವಿಗೆ ಪಾಸ್‌ವರ್ಡ್. ಬೇರೆಯವರು ಮುಟ್ಟಿದರೆ ವಾರಂಟಿ ಹೋಯಿತು. ವೆಂಟಿಲೇಟರ್, ಸಿಟಿ ಸ್ಕ್ಯಾನಿನಂಥವಕ್ಕೆ ಇದು ಒಂದು ಮಟ್ಟಿಗೆ ಸರಿ. ಎಕ್ಸ್‌ರೇ ಮಷೀನಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳೇ ಇವೆ, ಅಲ್ಲಿ ಯಾರೆಂದರೆ ಅವರು ಕೈ ಹಾಕಬಾರದು. ಆದರೆ ಬಿಪಿ ಮಷೀನಿನ ಟ್ಯೂಬು ಬದಲಿಸಲೂ ಹುಬ್ಬಳ್ಳಿಯ ದಾರಿ ಕಾಯಬೇಕೇ? ಖರೀದಿ ಮಾಡುವಾಗಲೇ ಮ್ಯಾನುಯಲ್ಲು, ಮೊದಲ ಹಂತದ ತರಬೇತಿ ಕೇಳಿ ಬರೆಸಿಕೊಳ್ಳಬೇಕು. ಹಣ ಕೊಡುವ ಮುಂಚೆ ಕೇಳಿದರೆ ಕೊಡುತ್ತಾರೆ. ಕೊಟ್ಟ ಮೇಲೆ ಕೇಳಿದರೆ ಫೋನೂ ಎತ್ತುವುದಿಲ್ಲ.

ಮೂರನೆಯದು ಭಾಷೆ. ಎಲ್ಲ ಮ್ಯಾನುಯಲ್ಲೂ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಲೀಕೇಜ್ ಕರೆಂಟ್ ಅರ್ಥವಾಗದೇ ಇರುವುದಿಲ್ಲ, ಅದನ್ನು ಹೇಳುವ ವಾಕ್ಯ ಅರ್ಥವಾಗುವುದಿಲ್ಲ ಅಷ್ಟೇ. ನಾನು ಕನ್ನಡದಲ್ಲಿ ಹೇಳಿ, ಇಂಗ್ಲಿಷ್ ಪದವನ್ನು ಹಾಗೇ ಉಳಿಸಿ ಕಲಿಸುತ್ತೇನೆ. ಮೂರು ತಿಂಗಳಲ್ಲಿ ಮ್ಯಾನುಯಲ್ ಅವರೇ ಓದುತ್ತಾರೆ. ಆಸ್ಪತ್ರೆಯ ನರ್ಸಮ್ಮನಿಗೆ, ಆಯಾಗೆ ಮಷೀನ್ ಹೇಗೆ ಒರೆಸಬೇಕು ಎಂದು ಹೇಳಿಕೊಡಲು ಕನ್ನಡವೇ ಬೇಕು. ಚಿಕ್ಕೋಡಿ, ಅಥಣಿ ಕಡೆ ಮರಾಠಿಯೂ ಸ್ವಲ್ಪ ಬೇಕು. ಆ ಶೇ 25ರ ಪಾಲು ನೆನಪಿದೆಯಲ್ಲ?

ಸಂಬಳದ ಮಾತನ್ನು ಮುಚ್ಚಿಡಬಾರದು. ಶುರುವಿನಲ್ಲಿ ಕಡಿಮೆಯೇ. ಗುತ್ತಿಗೆ ಏಜೆನ್ಸಿಯಲ್ಲಿ ಬೈಕ್ ಮೇಲೆ ಮೂರು ತಾಲ್ಲೂಕು ಸುತ್ತಬೇಕಾಗಬಹುದು. ಆದರೆ ಎರಡು ಮೂರು ವರ್ಷ ಕೈ ಪಳಗಿದವರಿಗೆ ಖಾಸಗಿ ಆಸ್ಪತ್ರೆ, ಕಂಪನಿ ಸರ್ವೀಸ್, ಸ್ವಂತ ಕ್ಯಾಲಿಬ್ರೇಷನ್ (ಮಷೀನಿನ ಅಳತೆ ಸರಿಯಿದೆಯೇ ಎಂದು ನೋಡುವ) ಕೆಲಸ, ಎಲ್ಲ ದಾರಿ ತೆರೆಯುತ್ತವೆ. 2017ರ ವೈದ್ಯಕೀಯ ಸಾಧನ ನಿಯಮಗಳು ಬಂದ ಮೇಲೆ, 2020ರ ಏಪ್ರಿಲ್‌ನಿಂದ ಎಲ್ಲ ಸಾಧನಗಳೂ ಔಷಧ ಕಾನೂನಿನ ಕೆಳಗೆ ಬಂದ ಮೇಲೆ, ದಾಖಲೆ ಇಡುವ, ಅಳೆದು ತೋರಿಸುವ ಕೆಲಸ ಜಾಸ್ತಿಯೇ ಆಗುತ್ತಿದೆ.

ಕೋರ್ಸ್ ಸೇರುವ ಮುಂಚೆ ಕೇಳಲೇಬೇಕಾದ ಮಾತುಗಳಿವೆ. ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯ ಅಥವಾ ಬೋರ್ಡಿನ ಮುದ್ರೆ ಇರುತ್ತದೆ? ರಾಷ್ಟ್ರೀಯ ಕೌಶಲ ಚೌಕಟ್ಟಿನಲ್ಲಿ ಯಾವ ಹಂತ? ಯಾವ ಆಸ್ಪತ್ರೆಯ ಜೊತೆ ಬರಹದ ಒಪ್ಪಂದ ಇದೆ, ಎಷ್ಟು ತಾಸು ಅಲ್ಲಿ ಕಳೆಯಬೇಕು? ಲ್ಯಾಬಿನಲ್ಲಿ ಸುರಕ್ಷತೆ ಅಳೆಯುವ ಅನಲೈಸರ್, ರೋಗಿಯಂತೆ ಸಿಗ್ನಲ್ ಕೊಡುವ ಸಿಮ್ಯುಲೇಟರ್ ಇದೆಯೇ? ಇವೆರಡು ಇಲ್ಲದಿದ್ದರೆ ಫೀಸು ಕಟ್ಟಬೇಡಿ. ಮುಂದೆ ಬಿಇ ಓದುವ ಆಸೆ ಇದ್ದರೆ ಈ ಡಿಪ್ಲೊಮಾ ಡಿಸಿಇಟಿಗೆ (ಡಿಪ್ಲೊಮಾದವರು ಬಿಇ ಸೇರಲು ಬರೆಯುವ ಪ್ರವೇಶ ಪರೀಕ್ಷೆಗೆ) ನಡೆಯುತ್ತದೆಯೇ ಎಂದು ಈಗಲೇ ಕೇಳಿ. ಎಲ್ಲ ಡಿಪ್ಲೊಮಾವೂ ಒಂದೇ ಅಲ್ಲ. ಹಿಂದಿನ ಬ್ಯಾಚಿನ ಇಬ್ಬರ ಫೋನ್ ನಂಬರ್ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರವೇ.

ಬೀಗ ಹಾಕಿದ ಕೋಣೆ

ಲ್ಯಾಬಿಗೆ ದುಡ್ಡಿಲ್ಲ ಎನ್ನುವ ಕಾಲೇಜುಗಳಿಗೆ ನನ್ನದೊಂದು ಸಲಹೆ. ಯಾವುದೇ ಹಳೆ ಆಸ್ಪತ್ರೆಗೆ ಹೋಗಿ, ಮೆಟ್ಟಿಲ ಕೆಳಗೋ ಹಿಂದಿನ ವರಾಂಡದಲ್ಲೋ ಬೀಗ ಹಾಕಿದ ಒಂದು ಕೋಣೆ ಇರುತ್ತದೆ. “ಕಂಡಮ್” ಆದ ಮಷೀನುಗಳ ಕೋಣೆ. ವಿಲೇವಾರಿಯ ಕಾಗದಪತ್ರ ಮುಗಿಯುವವರೆಗೆ ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತವೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಲ್ಯಾಬ್ ಎಲ್ಲಿ ಸಿಗುತ್ತೆ? ಮತ್ತೆ ರೋಗಿಗೆ ಬಳಸಲು ಬೇಡ. ಬಿಚ್ಚಿ ನೋಡಲು, ಯಾಕೆ ನಿಂತಿತು ಎಂದು ಹುಡುಕಲು ಕೊಡಲಿ.

ಹೋದ ಚಳಿಗಾಲದಲ್ಲಿ ಅನುಮತಿ ಪತ್ರ ಹಿಡಿದು ಮೂರು ವಿದ್ಯಾರ್ಥಿಗಳ ಜೊತೆ ಅಂಥದೊಂದು ಕೋಣೆ ತೆರೆಸಿದೆವು. ಧೂಳು, ಹಲ್ಲಿ ಮೊಟ್ಟೆ, ಒಂದರ ಮೇಲೊಂದು ಮಷೀನು. ಬೀಳಗಿ ಕಡೆಯ ಹುಡುಗಿಯೊಬ್ಬಳು ಸಕ್ಷನ್ ಮಷೀನೊಂದನ್ನು ಹೊರಗೆ ಎಳೆದಳು. ಅದರ ಮೇಲೆ “ಮೋಟಾರ್ ಹೋಗಿದೆ” ಎಂದು ಚೀಟಿ ಅಂಟಿಸಿದ್ದರು. ವಾಯರಿನ ನಿರೋಧ ಅಳೆದು, ಅರ್ಥ್ ನೋಡಿ, ಸ್ವಿಚ್ ಹಾಕಿದಳು. ಮೋಟಾರ್ ತಿರುಗಿತು! ಆದರೆ ಎಳೆತ ಎಷ್ಟಿದೆ ಎಂದು ತೋರಿಸುವ ಗೇಜಿನ ಮುಳ್ಳು 100ರ ಹತ್ತಿರ ತೂಗಾಡಿ ನಿಂತಿತು. ಟ್ಯೂಬನ್ನು ಒಂದೊಂದು ಕಡೆ ಬೆರಳಿನಿಂದ ಒತ್ತಿ ಹಿಡಿದು ನೋಡುತ್ತಾ ಬಂದಳು. ಬಾಟಲಿಯ ಮುಚ್ಚಳದ ಬಳಿ ಕಿವಿ ಇಟ್ಟಳು. ಸುಯ್ ಅನ್ನುವ ಸದ್ದು. ಮುಚ್ಚಳದ ರಬ್ಬರ್ ವಾಷರು ಒಣಗಿ ಬಿರುಕು ಬಿಟ್ಟಿತ್ತು.

ಮರುದಿನ ಬಾಗಲಕೋಟೆ ಮಾರ್ಕೆಟ್ಟಿನಿಂದ ಅದೇ ಅಳತೆಯ ವಾಷರ್ ತಂದು ಹಾಕಿದಳು. ಮುಳ್ಳು ಏರಿ 600 ದಾಟಿ ಅಲ್ಲೇ ನಿಂತಿತು. ಅವಳು ನೋಟ್‌ಬುಕ್ಕಿನಲ್ಲಿ ತಾರೀಖು, ದೋಷ, ಮಾಡಿದ ಕೆಲಸ ಬರೆಯುತ್ತಿದ್ದಳು. ಅಷ್ಟರಲ್ಲಿ ವಾರ್ಡಿನ ಸಿಸ್ಟರ್ ಒಬ್ಬರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒಂದು ಬಿಪಿ ಮಷೀನು.

“ಏ ತಂಗಿ, ಇದನ್ನೂ ಸ್ವಲ್ಪ ನೋಡ್ತೀ ಏನ?”